ಅಡುಗೆಮನೆಯ ಮೈಸೂರು ಗಡಿಯಾರ

ಅಖ್ತರ್ ಬೇಗಂ ಅವರ ಫೋನು ಅಜಾನ್ ಕೂಗಿತು.

ಚಹಾದ ಲೋಟ ಕೆಳಗಿಟ್ಟು ಅವರು ಅಡುಗೆಮನೆಯ ಗೋಡೆಯ ದೊಡ್ಡ ಗಡಿಯಾರದತ್ತ ಕತ್ತೆತ್ತಿದರು. ಲೆಕ್ಕ ಹಾಕುವವರ ಹಾಗೆ ತುಟಿ ಒಂದು ಗಳಿಗೆ ಅಲ್ಲಾಡಿತು. “ನಾಲ್ಕೂಕಾಲಾಗ್ತಾ ಬಂತು. ಅಸರ್ ನಮಾಜ್ ಮುಗಿಸಿ ಬರ್ತೀನಿ ರತ್ನಮ್ಮಾ, ಎದ್ದು ಹೋಗ್ಬೇಡಿ,” ಎಂದು ಒಳಕೋಣೆಗೆ ನಡೆದರು.

ರತ್ನಮ್ಮ ತಮ್ಮ ಕೈಗಡಿಯಾರ ನೋಡಿಕೊಂಡರು. ಮೂರು ಗಂಟೆ ಹನ್ನೆರಡು ನಿಮಿಷ.

ನಿಂತುಹೋಗಿದೆಯೇನೋ ಎಂದು ಕಿವಿಗೆ ಹಿಡಿದರು. ಓಡುತ್ತಿತ್ತು. ಕೈಚೀಲದಿಂದ ಫೋನು ತೆಗೆದು ನೋಡಿದರು. ಅಲ್ಲೂ ಮೂರು ಹನ್ನೆರಡು.

ಗೋಡೆಯ ಗಡಿಯಾರದಲ್ಲಿ ಮಾತ್ರ ಒಂದೂಮುಕ್ಕಾಲಿಗೆ ಮೂರು ನಿಮಿಷ ಬಾಕಿ ಇತ್ತು. ಅದು ವಾಷಿಂಗ್ಟನ್ ಹತ್ತಿರದ ಈ ಊರಿನ ಗಂಟೆಯಲ್ಲ, ಮೈಸೂರಿನದು. ಲಷ್ಕರ್ ಮೊಹಲ್ಲಾದ ತಂಗಿ ಎದ್ದಿದ್ದಾಳೋ ಮಲಗಿದ್ದಾಳೋ ತಿಳಿಯಲಿ ಎಂದು ಅಖ್ತರ್ ಬೇಗಂ ಇಪ್ಪತ್ತಾರು ವರ್ಷದಿಂದ ಅದನ್ನು ಹಾಗೇ ಓಡಿಸಿಕೊಂಡು ಬಂದಿದ್ದರು. ಮನೆಯಲ್ಲಿ ಬೇರೆ ಗಡಿಯಾರವಿಲ್ಲ. ಮೈಕ್ರೋವೇವಿನಲ್ಲಿ ಯಾವಾಗಲೂ ಹನ್ನೆರಡು ಮಿಣುಕುತ್ತಿರುತ್ತದೆ. ಫೋನಿನ ಸಣ್ಣ ಅಕ್ಷರ ಆಕೆಯ ಪೊರೆ ಬಂದ ಕಣ್ಣಿಗೆ ಕಾಣುವುದಿಲ್ಲ. ಅದು ಕೂಗಿದರೆ ಕೇಳುತ್ತದೆ, ಅಷ್ಟೆ.

ರತ್ನಮ್ಮ ಕದಲಲಿಲ್ಲ. ಲೋಟ ಹಿಡಿದ ಬೆರಳು ಬಿಸಿಯಾಗುತ್ತಿದ್ದರೂ ಬಿಡಲಿಲ್ಲ.

ಭಾನುವಾರ ಡಾಕ್ಟರ್ ಸತ್ಯಪ್ರಕಾಶ ಕಾಲುವೆಯ ಕಲ್ಲುಮೆಟ್ಟಿಲ ಕೆಳಗೆ ತಲೆಯೊಡೆದು ಸತ್ತು ಬಿದ್ದಿದ್ದರು, ಸೋಮವಾರ ಪೊಲೀಸರು ಅಖ್ತರ್ ಬೇಗಂ ಅವರ ಮಗ ಫಹಾದ್‌ನನ್ನು ಹಿಡಿದುಕೊಂಡು ಹೋಗಿದ್ದರು, ನಾಳೆ ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಅವನ ಜಾಮೀನಿನ ವಿಚಾರಣೆ.

ಅವನನ್ನು ಹಿಡಿದುಕೊಟ್ಟಿದ್ದು ಹೆತ್ತ ತಾಯಿಯ ಮಾತೇ.

ಡಾಕ್ಟರ ಕೈಗೆ ಅವರ ಮಗಳು ಕಟ್ಟಿಸಿದ್ದ ಸ್ಮಾರ್ಟ್ ವಾಚು ಅವರು ಬಿದ್ದ ಹೊತ್ತನ್ನು ತಾನೇ ಬರೆದುಕೊಂಡಿತ್ತು: ಮೂರು ಐವತ್ತೆರಡು. ಗಾಳ ಹಿಡಿದು ನದಿಗೆ ಹೋಗಿದ್ದ ಫಹಾದ್, ದೂರದ ಸೇತುವೆ ಕಡೆಯಿಂದ ಸುತ್ತಿಕೊಂಡು ತಾನು ಮನೆ ಸೇರಿದ್ದು ಮೂರು ನಲವತ್ತಕ್ಕೆ ಎಂದ. ಫೋನು ಮನೆಯಲ್ಲೇ ಬಿಟ್ಟು ಹೋಗಿದ್ದ, ವಾಪಸು ಬರುವ ಹಾದಿಯಲ್ಲಿ ಅವನನ್ನು ಕಂಡವರಿಲ್ಲ. ಪೊಲೀಸರು ತಾಯಿಯನ್ನು ಕೇಳಿದರು. ನಾಲ್ಕು ನಲವತ್ತಕ್ಕೆ ಬಂದ ಎಂದರು ಅಖ್ತರ್ ಬೇಗಂ. ಮಗನ ವಿರುದ್ಧ ತಾಯಿ ಯಾಕೆ ಸುಳ್ಳು ಹೇಳಿಯಾಳು? ಪೊಲೀಸರು ಮತ್ತೇನೂ ಕೇಳಲಿಲ್ಲ.

ಜಗಳದ ಸಾಕ್ಷಿಯಂತೂ ಇತ್ತು. ಫಹಾದ್‌ನ ತಂದೆ ನವಾಬ್ ಈ ಊರಿನ ರೈಲ್ವೆ ಯಾರ್ಡಿನಲ್ಲಿ ಇಂಜಿನಿಯರಾಗಿದ್ದು, ಶ್ವಾಸಕೋಶ ಕೆಟ್ಟು ತೀರಿಕೊಂಡವರು. ಹಳಿಯ ಕೆಳಗಿನ ಮರದ ದಿಮ್ಮಿಗಳನ್ನು ಅದ್ದಿ ತೆಗೆಯುತ್ತಿದ್ದ ಡಾಂಬರೆಣ್ಣೆ ನೆಲಕ್ಕಿಳಿದು ಜನರನ್ನು ಕೆಡಿಸಿತೆಂದು ಡಾಕ್ಟರಿಗೆ ಎಷ್ಟೋ ವರ್ಷದಿಂದ ಅನುಮಾನವಿತ್ತಂತೆ. ಅದನ್ನು ಫಹಾದ್‌ಗೆ ಹೇಳಿದ್ದು ಮಾತ್ರ ಹೋದ ಶನಿವಾರ. ಮರುದಿನ ಮಧ್ಯಾಹ್ನ ಅವನು ನದಿಯಿಂದ ಒಮ್ಮೆ ಮೇಲೆ ಬಂದು ಡಾಕ್ಟರ ಜಗಲಿಯಲ್ಲಿ ನಿಂತು, ಇಷ್ಟು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದಿರಲ್ಲ ಅಂಕಲ್ ಎಂದು ಕೂಗಾಡಿದ್ದು ಅಕ್ಕಪಕ್ಕದ ನಾಲ್ಕು ಮನೆಗೆ ಕೇಳಿತ್ತು.

ಅಖ್ತರ್ ಬೇಗಂ ಜಾನಮಾಜ್ ಚಾಪೆ ಮಡಿಚುತ್ತಾ ಹೊರಗೆ ಬಂದರು. ನಾಲ್ಕು ದಿನದಲ್ಲಿ ಮುಖ ಸೊರಗಿ ಮೂಗು ಮಾತ್ರ ಉಳಿದಿತ್ತು.

“ಆಪಾ, ಒಂದು ಕೇಳ್ತೀನಿ. ಈ ಗಡಿಯಾರ ನೋಡಿ ಇಲ್ಲಿಯ ಗಂಟೆ ಹೇಗೆ ಹೇಳ್ತೀರಿ?”

“ಎರಡೂವರೆ ಕೂಡಿಸ್ತೀನಿ. ಅಲ್ಲಿ ರಾತ್ರಿ ಒಂದೂವರೆ ಅಂದ್ರೆ ಇಲ್ಲಿ ಮಧ್ಯಾಹ್ನ ನಾಲ್ಕು. ನಿಮಗೆ ಗೊತ್ತಿಲ್ದೇ ಇರೋದಾ?”

“ಬೇಸಿಗೆಯಲ್ಲಿ ಎರಡೂವರೆ. ಚಳಿಗಾಲದಲ್ಲಿ?”

“ಚಳಿಗಾಲದಲ್ಲಿ ಒಂದೂವರೆ. ಅದನ್ನ ಫಹಾದ್ ಹೇಳ್ತಾನೆ. ಈ ದೇಶದ ಗಡಿಯಾರನೆಲ್ಲ ಒಂದು ಗಂಟೆ ಹಿಂದಕ್ಕೆ ಹಾಕ್ತಾರಲ್ಲ, ಆ ಟೈಮ್ ಬದಲಾಯಿಸೋ ಭಾನುವಾರ ಎದ್ದ ತಕ್ಷಣ ಬಂದು, ಅಮ್ಮೀ ಇವತ್ತಿಂದ ಒಂದೂವರೆ ಅಂತ...”

ಮಾತು ಅಲ್ಲಿಗೇ ನಿಂತಿತು. ಆಕೆ ಗೋಡೆಯನ್ನು ನೋಡಿದರು, ರತ್ನಮ್ಮನ ಮಣಿಕಟ್ಟನ್ನು ನೋಡಿದರು, ಮತ್ತೆ ಗೋಡೆಯನ್ನು ನೋಡಿದರು.

“ಈ ಸಲ ಅವನು ಹೇಳ್ಲಿಲ್ಲ,” ಎಂದರು. “ನಾನು ಏಳೋದ್ರೊಳಗೆ ಗಾಳ ತಗೊಂಡು ಹೋಗ್ಬಿಟ್ಟಿದ್ದ.”

ರತ್ನಮ್ಮ ಕೈ ಚಾಚಿ ಅವರನ್ನು ಕುರ್ಚಿಗೆ ಕೂರಿಸಿದರು. ಬಿಸಿಲಿನ ಲೆಕ್ಕದಲ್ಲಿ ಬರುವ ಅಸರ್ ಹೊತ್ತು ಬದಲಾಗಿರಲಿಲ್ಲ. ಶನಿವಾರ ಫೋನು ಕೂಗಿದಾಗ ಗಡಿಯಾರ ಏನು ತೋರಿಸಿತ್ತೋ ಭಾನುವಾರವೂ ಹೆಚ್ಚುಕಡಿಮೆ ಅದನ್ನೇ ತೋರಿಸಿತ್ತು. ತಪ್ಪು ಕಣ್ಣಿಗೆ ಬೀಳುವುದಾದರೂ ಎಲ್ಲಿಂದ? ಆದರೆ ಸುಳಿವು ಇಲ್ಲದೆ ಇರಲಿಲ್ಲ. ಮಂಗಳವಾರ ವಕೀಲರು ಹತ್ತಕ್ಕೆ ಬರಲು ಹೇಳಿದ್ದರೆಂದು, ತಾನು ಹೋದಾಗ ಬಾಗಿಲಿಗೆ ಬೀಗ ಹಾಕಿತ್ತೆಂದು, ಪೂರ್ತಿ ಒಂದು ಗಂಟೆ ಚಳಿಯಲ್ಲಿ ಮೆಟ್ಟಿಲ ಮೇಲೆ ಕುಳಿತಿದ್ದೆನೆಂದು ಆಕೆಯೇ ಈಗ ಹೇಳಿದರು. ದೊಡ್ಡವರು, ಅವರ ಹೊತ್ತಿಗೆ ಬರ್ತಾರೆ ಅಂದುಕೊಂಡಿದ್ದರಂತೆ.

“ಹಾಗಾದ್ರೆ ನನ್ನ ಮಗು ಮೂರು ನಲವತ್ತಕ್ಕೇ ಬಂದಿದ್ದ.”

“ಹೌದು ಆಪಾ.”

“ಡಾಕ್ಟರ್ ಸಾಬ್ ಬಿದ್ದಾಗ ಇದೇ ಟೇಬಲ್ಲಿನ ಮುಂದೆ ಕೂತು ಅನ್ನ ಸಾರು ತಿಂತಿದ್ದ.” ಆಕೆ ಟೇಬಲ್ಲಿನ ಅಂಚು ಸವರಿದರು. “ನನ್ನ ಮಗಳು ಹಮ್ನಾ ಕಮ್ಮಿಂಗ್ ಊರಿಂದ ಫೋನ್ ಮಾಡಿ ಏನಂದ್ಲು ಗೊತ್ತಾ? ಒಂದು ಗಂಟೆ ಸುಳ್ಳು ಹೇಳೋಕೆ ಆಗ್ಲಿಲ್ವಾ ಅಮ್ಮೀ ಅಂದ್ಲು. ಎರಡು ದಿನದಿಂದ ಮಾತಾಡಿಲ್ಲ ನನ್ ಹತ್ರ. ನಾನು ಒಂದು ಗಂಟೆ ಸುಳ್ಳೇ ಹೇಳಿದ್ದೆ, ರತ್ನಮ್ಮಾ. ತಿಳೀದೆ.”

ಸೆರಗಿನಿಂದ ಕಣ್ಣೊರೆಸಿಕೊಂಡು, ಈಗಲೇ ವಕೀಲರಿಗೆ ಫೋನ್ ಹಚ್ಚಿ, ಇಂಗ್ಲಿಷಿನಲ್ಲಿ ನೀವೇ ಸರಿಯಾಗಿ ಹೇಳಿ ಎಂದು ಆಕೆ ಫೋನನ್ನು ಮುಂದೆ ಸರಿಸಿದರು. ರತ್ನಮ್ಮ ಅದನ್ನು ಕೈಗೆ ತೆಗೆದುಕೊಂಡರು.

ತೆಗೆದುಕೊಂಡ ಕೈ ಅಲ್ಲೇ ನಿಂತಿತು.

ರತ್ನಮ್ಮ ಇಪ್ಪತ್ತೆರಡು ವರ್ಷ ಶವಪರೀಕ್ಷೆಯ ಕಚೇರಿಯಲ್ಲಿ ಡಾಕ್ಟರುಗಳು ಹೇಳಿದ್ದನ್ನು ಕೇಳಿಸಿಕೊಂಡು ಟೈಪು ಮಾಡಿದವರು. ಅಲ್ಲಿಯ ಹಾಳೆಯಲ್ಲಿ ಹೊತ್ತು ಬರೆಯುವ ಜಾಗದ ಪಕ್ಕಕ್ಕೇ ಇನ್ನೊಂದು ಖಾನೆ ಇರುತ್ತಿತ್ತು: ಯಾವ ಗಡಿಯಾರ ನೋಡಿ ಹೇಳಿದ್ದು. ಒಂದು ಗಡಿಯಾರ ತಪ್ಪೆಂದು ಗೊತ್ತಾದರೆ ಅದನ್ನು ನಂಬಿ ಬರೆದ ಹೊತ್ತನ್ನೆಲ್ಲ ತಿದ್ದಬೇಕು. ಒಂದನ್ನು ತಿದ್ದಿ ಇನ್ನೊಂದನ್ನು ಬಿಡುವಂತಿಲ್ಲ.

ಈ ಗೋಡೆಯ ಗಡಿಯಾರ ನೋಡಿ ಅಖ್ತರ್ ಬೇಗಂ ಪೊಲೀಸರಿಗೆ ಎರಡು ಹೊತ್ತು ಹೇಳಿದ್ದರು. ಒಂದು ಫಹಾದ್‌ನದು. ಇನ್ನೊಂದು, ದೀಪಾವಳಿಯ ಚಕ್ಕುಲಿ ಡಬ್ಬಿ ಕೊಡಲು ಬಂದು ಮೂರೂಮುಕ್ಕಾಲಿನಿಂದ ನಾಲ್ಕೂಕಾಲಿನ ತನಕ ಇದೇ ಕುರ್ಚಿಯಲ್ಲಿ ಕುಳಿತಿದ್ದವನದು. ಡಾಕ್ಟರು ಬಿದ್ದ ಹೊತ್ತು ಸರಿಯಾಗಿ ಅದರ ನಡುವೆ ಬರುತ್ತಿತ್ತು. ಆದ್ದರಿಂದ ಅವನನ್ನು ಪೊಲೀಸರು ಎರಡನೆಯ ಪ್ರಶ್ನೆ ಕೇಳಿರಲಿಲ್ಲ.

ಅವನು ಶ್ಯಾಮ್. ರತ್ನಮ್ಮನ ಅಳಿಯ.

“ಯಾಕೆ, ನಂಬರ್ ಸಿಗ್ತಿಲ್ವಾ?”

“ಎಲ್ಲಾ ಒಂದು ಕಾಗದದ ಮೇಲೆ ಬರೆದುಕೊಂಡು ಮಾಡ್ತೀನಿ ಆಪಾ. ಅರ್ಧಂಬರ್ಧ ಹೇಳೋದು ಬೇಡ. ಐದರ ತನಕ ಆಫೀಸಲ್ಲಿರ್ತಾರೆ,” ಎಂದರು ರತ್ನಮ್ಮ. ಹತ್ತು ವರ್ಷದ ಸ್ನೇಹದಲ್ಲಿ ಆಕೆಗೆ ಹೇಳಿದ ಮೊದಲ ಸುಳ್ಳು ಅದು. ಅದನ್ನು ಮುಚ್ಚಲು ಬೇಗನೆ ಇನ್ನೊಂದು ಪ್ರಶ್ನೆ ಕೇಳಿದರು. ಶ್ಯಾಮ್ ಅವತ್ತು ಹೇಗಿದ್ದ?

ಚೆನ್ನಾಗೇ ಇದ್ದ ಎಂದರು ಅಖ್ತರ್ ಬೇಗಂ. ಚಕ್ಕುಲಿಯ ಉಪ್ಪು ಜಾಸ್ತಿಯಾಗಿದೆ ಎಂದು ಹೆಂಡತಿಯನ್ನು ಆಡಿಕೊಂಡ. ಆಮೇಲೆ ಅವನಿಗೊಂದು ಫೋನ್ ಬಂತು, ಹೊರಗೆ ಹೋಗಿ ಮಾತಾಡಿದ, ಚಹಾ ಅರ್ಧಕ್ಕೆ ಬಿಟ್ಟು ಹೊರಟ. ಅವನು ಶೂ ಹಾಕಿಕೊಳ್ಳುತ್ತಿದ್ದಾಗಲೇ ಅಜಾನ್ ಕೂಗಿದ್ದು.

ಅಜಾನ್ ಎಂದರೆ ಮೂರೂಕಾಲು. ರತ್ನಮ್ಮ ಮನಸ್ಸಿನಲ್ಲೇ ತಿದ್ದಿಕೊಂಡರು. ಬಂದದ್ದು ಎರಡೂಮುಕ್ಕಾಲು, ಹೋದದ್ದು ಮೂರೂಕಾಲು. ಡಾಕ್ಟರು ಬೀಳಲು ಇನ್ನೂ ಮೂವತ್ತೇಳು ನಿಮಿಷ. ಈ ಮನೆಯಿಂದ ರೈಲ್ವೆ ಗೇಟು ದಾಟಿ ಕಾಲುವೆಯ ಮೆಟ್ಟಿಲಿಗೆ, ನಿಧಾನವಾಗಿ ನಡೆದರೂ, ಹನ್ನೆರಡು.

ಮನೆಗೆ ಹೋಗುವ ಏರು ಅವತ್ತು ಉದ್ದವಾಯಿತು. ಕೂಪರ್ಸ್ ಲ್ಯಾಂಡಿಂಗ್ ಎಂಬ ಆ ಊರೇ ಒಂದು ಮೆಟ್ಟಿಲ ಸಾಲಿನ ಹಾಗೆ. ಎಲ್ಲಕ್ಕಿಂತ ಕೆಳಗೆ ಪೊಟೊಮ್ಯಾಕ್ ನದಿ, ಅದರ ಮೇಲೆ ನೀರು ಬತ್ತಿದ ಹಳೇ ಕಾಲುವೆ, ಅದರ ಮೇಲೆ ಹಳಿಗಳು, ಆಮೇಲೆ ಗುಡ್ಡ ಹತ್ತಿಕೊಂಡು ಮರದ ಮನೆಗಳು. ವಾರದ ದಿನ ಬೆಳಿಗ್ಗೆ ಜನರನ್ನು ತುಂಬಿಕೊಂಡು ವಾಷಿಂಗ್ಟನ್ನಿಗೆ ಹೋಗುವ ರೈಲು ಸಂಜೆ ತಂದು ಇಳಿಸುತ್ತದೆ. ಮಿಕ್ಕ ಹೊತ್ತೆಲ್ಲ ಕಲ್ಲಿದ್ದಲಿನ ಗಾಡಿ.

ಡಾಕ್ಟರ ಮನೆಯ ಜಗಲಿಯಲ್ಲಿ ಯಾರೋ ಹಳೇ ರೈಲ್ವೆಯವರು ಸಿಗ್ನಲ್ ಲಾಟೀನು ಹಚ್ಚಿಟ್ಟಿದ್ದರು. ಐವತ್ತು ವರ್ಷ ಈ ಊರಿನವರ ಎದೆಗೆ ಕಿವಿಯಿಟ್ಟು ಕೇಳಿದ ಮನುಷ್ಯ. ಕೇಳಿದ್ದನ್ನೆಲ್ಲ ಬರೆದಿಟ್ಟಿದ್ದರು, ಮೂರು ಪೆಟ್ಟಿಗೆ ತುಂಬ. ಯಾರ್ಡಿನ ಹಳೇ ಜಾಗದಲ್ಲಿ ಮನೆ ಕಟ್ಟಬಾರದೆಂದು ಸೋಮವಾರದ ಊರಿನ ಸಭೆಯಲ್ಲಿ ಆ ಪೆಟ್ಟಿಗೆಗಳನ್ನು ಇಡುವವರಿದ್ದರು. ಭಾನುವಾರ ಪೊಲೀಸರು ಬಂದು ನೋಡುವಾಗ ನೆಲಮಾಳಿಗೆಯಲ್ಲಿ ಅವುಗಳ ಜಾಗ ಮಾತ್ರ ಇತ್ತು, ಧೂಳಿನಲ್ಲಿ ಮೂರು ಚೌಕ.

ಆ ಜಾಗದಲ್ಲಿ ಇನ್ನೂರು ಮನೆ ಕಟ್ಟಲು ನಕ್ಷೆ ಬರೆದ ಕಂಪನಿಯಲ್ಲಿ ಶ್ಯಾಮ್ ಮುಖ್ಯ ಇಂಜಿನಿಯರ್. ಡಾಕ್ಟರ ಪೆಟ್ಟಿಗೆಯ ಕಾಗದಗಳನ್ನು ಒಂದೊಂದಾಗಿ ಕಂಪ್ಯೂಟರಿಗೆ ಹಾಕಿಕೊಡುತ್ತಿದ್ದವಳು ಅವನ ಹೆಂಡತಿ ಭಾವನಾ. ಗಂಡ ಹೆಂಡತಿ ಊಟದ ಹೊತ್ತಿನಲ್ಲಿ ಆ ವಿಷಯ ಎತ್ತುವುದನ್ನೇ ಬಿಟ್ಟು ತಿಂಗಳಾಗಿತ್ತು.

ಶ್ಯಾಮ್ ಮನೆಯ ಮುಂದೆ ಎಲೆ ಗುಡಿಸುತ್ತಿದ್ದ. ಮೇಪಲ್ ಮರದ ಕೆಂಪೆಲ್ಲ ನೆಲಕ್ಕಿಳಿದಿತ್ತು.

“ಚಳಿ ಇದೆ ಅತ್ತೆ, ಒಳಗೆ ಹೋಗಿ. ಇದೊಂದು ಬ್ಯಾಗ್ ಫಿಲ್ ಮಾಡಿ ಬರ್ತೀನಿ.”

ರತ್ನಮ್ಮ ಒಳಗೆ ಹೋಗಲಿಲ್ಲ. ಜಗಲಿಯ ಮೆಟ್ಟಿಲ ಮೇಲೆ ಕುಳಿತರು. “ಶ್ಯಾಮ್, ಭಾನುವಾರ ಆಪಾ ಮನೆಗೆ ನೀವು ಎಷ್ಟು ಹೊತ್ತಿಗೆ ಹೋಗಿದ್ರಿ?”

“ಪೊಲೀಸಿಗೆ ಹೇಳಿದೀನಲ್ಲ, ತ್ರೀ ಫಾರ್ಟಿಫೈವ್.”

“ನೀವಾಗಿ ಹೇಳಿದ್ದಾ? ಅವರು ಹೇಳಿದ್ದಕ್ಕೆ ಹೂಂ ಅಂದಿದ್ದಾ?”

ಕೆಳಗೆ ಗೇಟಿನ ಹತ್ತಿರ ಇಂಜಿನ್ನು ಕೂಗಿತು. ಎರಡು ಉದ್ದ, ಒಂದು ಗಿಡ್ಡ, ಮತ್ತೊಂದು ಉದ್ದ. ಈ ಊರಿನಲ್ಲಿ ಗಾಡಿ ಬಂದರೆ ಮಾತು ಎಲ್ಲಿದೆಯೋ ಅಲ್ಲಿಗೇ ನಿಲ್ಲಿಸಿ, ಹೋದ ಮೇಲೆ ಮುಂದುವರಿಸುವುದು ರೂಢಿ. ಹೊಸದಾಗಿ ಬಂದವರು ಮಾತ್ರ ಅದರ ಮೇಲೆ ಕೂಗಾಡುತ್ತಾರೆ. ಮದುವೆಯ ಮಂತ್ರವನ್ನೂ ಇಗರ್ಜಿಯ ಪ್ರಾರ್ಥನೆಯನ್ನೂ ಹಾಗೆ ತುಂಡು ಮಾಡಿಯೇ ಹೇಳುತ್ತಾರೆ ಇಲ್ಲಿ.

ಶ್ಯಾಮನಿಗೆ ಮೂರು ನಿಮಿಷ ಸಿಕ್ಕಿತು. ರತ್ನಮ್ಮನಿಗೂ ಸಿಕ್ಕಿತು. ಆಕೆ ಅವನ ಮುಖ ನೋಡಲಿಲ್ಲ, ಕೈ ನೋಡಿದರು. ಬಾಚಣಿಗೆಯಂಥ ಆ ಕಸಬರಿಕೆ ಒಂದೇ ಜಾಗವನ್ನು ಗುಡಿಸಿತು. ಎಲೆಯಿಲ್ಲದ ಹುಲ್ಲನ್ನು ಮತ್ತೆ ಗುಡಿಸಿತು. ಮತ್ತೆ ಗುಡಿಸಿತು. ಕೊನೆಯ ಡಬ್ಬಿ ದಾಟಿ ಸದ್ದು ನದಿಯ ತಿರುವಿನಲ್ಲಿ ಕರಗಿದ ಮೇಲೂ ಅದು ನಿಲ್ಲಲಿಲ್ಲ.

“ಹೂಂ ಅಂದಿದ್ದು,” ಎಂದ ಶ್ಯಾಮ್.

“ಅದು ತಪ್ಪು ಅಂತ ಗೊತ್ತಿತ್ತಾ?”

“ಆಂಟಿ ಹೇಳಿದ್ರು. ನಾನ್ಯಾಕೆ ಇಲ್ಲ ಅನ್ನಲಿ? ವಯಸ್ಸಾದವರನ್ನ ಪೊಲೀಸ್ ಮುಂದೆ ಸುಳ್ಳುಗಾರ್ತಿ ಮಾಡೋಕಾಗತ್ತಾ?”

“ಅವರ ಮಗ ಜೈಲಲ್ಲಿದಾನೆ. ಅದಕ್ಕಿಂತ ಇದು ಕಷ್ಟ ಆಯ್ತಾ ನಿಮಗೆ?”

ರತ್ನಮ್ಮ ದನಿ ಏರಿಸದೆ, ಆತುರಪಡದೆ, ಗಡಿಯಾರದ ವಿಷಯ ಹೇಳಿದರು. ಎರಡೂವರೆಯ ಬದಲು ಒಂದೂವರೆ. ಅವನು ಬಂದ ಹೊತ್ತು, ಹೋದ ಹೊತ್ತು, ನಡುವೆ ಬಂದ ಫೋನು. ಟೈಪು ಮಾಡಿಟ್ಟ ವರದಿಯನ್ನು ಓದಿದ ಹಾಗೆ ಓದಿದರು. ಐದು ಗಂಟೆಯೊಳಗೆ ಇದನ್ನು ಫಹಾದ್‌ನ ವಕೀಲರಿಗೆ ಹೇಳುತ್ತೇನೆ, ಅದಕ್ಕೂ ಮುಂಚೆ ನಿಮ್ಮ ಬಾಯಿಂದ ಕೇಳಬೇಕು ಅನ್ನಿಸಿತು ಎಂದರು.

ಶ್ಯಾಮ್ ಕಸಬರಿಕೆಯನ್ನು ಮರಕ್ಕೆ ಒರಗಿಸಿದ. “ಒಂದು ವಾರ ಟೈಮ್ ಕೊಡಿ ಅತ್ತೆ. ಅವನ ಮೇಲೆ ಬೇರೆ ಎವಿಡೆನ್ಸ್ ಏನೂ ಇಲ್ಲ. ಹೇಗೂ ಬಿಡ್ತಾರೆ.”

“ಒಂದು ವಾರ ನೀವು ಹೋಗಿ ಅವನ ಜಾಗದಲ್ಲಿ ಇರ್ತೀರಾ?”

“ನಾನು ಡಾಕ್ಟರನ್ನ ಮುಟ್ಟಿಲ್ಲ.”

“ಮುಟ್ಟಿದ್ರಿ ಅಂತ ನಾನು ಅನ್ಲಿಲ್ಲ. ಎಲ್ಲಿದ್ರಿ ಅಂತ ಕೇಳ್ತಿದೀನಿ. ಆಪಾ ಮನೇಲಿ ನಿಮಗೆ ಫೋನ್ ಮಾಡಿದ್ದು ಯಾರು? ನಿಮ್ಮ ಕಂಪನಿಯವರಾ?”

ಅವನು ನಕ್ಕ. ಆ ನಗುವಿನಲ್ಲಿ ಏನೂ ಇರಲಿಲ್ಲ. “ಕಂಪನಿಯವರು ಅಂದ್ಕೊಂಡೇ ಬಿಟ್ಬಿಡಿ ಅತ್ತೆ. ನಿಮ್ಮ ಕಾಲಿಗೆ ಬೀಳ್ತೀನಿ.”

“ಫೋನ್ ಕೊಡಿ ಇಲ್ಲಿ.”

ಹದಿನಾಲ್ಕು ವರ್ಷದಲ್ಲಿ ಆಕೆ ಅಳಿಯನಿಗೆ ಒಂದು ಲೋಟ ನೀರು ಕೊಡಿ ಎಂದು ಕೂಡ ಹೇಳಿರಲಿಲ್ಲ. ಶ್ಯಾಮ್ ಜೇಬಿಗೆ ಕೈ ಹಾಕಿದ, ತೆಗೆದ, ಭಾನುವಾರದ ಕರೆಗಳ ಪಟ್ಟಿ ಬರುವ ತನಕ ಬೆರಳಿನಿಂದ ಸರಿಸಿದ. ಆಮೇಲೆ ಎರಡೂ ಕೈಯಲ್ಲಿ ಹಿಡಿದು ಅವರ ಮುಂದೆ ಚಾಚಿದ.

ಮೂರು ಗಂಟೆ ಎಂಟು ನಿಮಿಷ. ಒಂದು ನಿಮಿಷ ಹತ್ತು ಸೆಕೆಂಡಿನ ಮಾತು. ಅದರ ಪಕ್ಕದಲ್ಲಿ ಹೆಸರು: ಭಾವನಾ.

ರತ್ನಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಹಾಕಿಕೊಂಡು ಇನ್ನೊಮ್ಮೆ ಓದಿದರು. ಭಾನುವಾರ ಸಂಜೆ ತನಕ ತಾನು ಪಕ್ಕದ ಪಟ್ಟಣ ಫ್ರೆಡರಿಕ್‌ನ ಅಂಗಡಿಗಳಲ್ಲಿ ದೀಪಾವಳಿಗೆ ಸೀರೆ ನೋಡುತ್ತಿದ್ದೆನೆಂದು ಮಗಳು ಎಲ್ಲರಿಗೂ ಹೇಳಿದ್ದಳು. ಕೈಯಲ್ಲಿ ಚೀಲವಿಲ್ಲದೆ ಬಂದಿದ್ದಳು. ಯಾವುದೂ ಹಿಡಿಸಲಿಲ್ಲ ಅಂದಿದ್ದಳು.

“ಎಲ್ಲಿಂದ ಮಾಡಿದ್ಲು?”

“ಕಾಲುವೆ ಹತ್ರದಿಂದ. ಡಾಕ್ಟರ್ ಅಂಕಲ್ ಜೊತೆ ಇದೀನಿ, ಎಷ್ಟು ಹೇಳಿದ್ರೂ ಕೇಳ್ತಿಲ್ಲ, ನೀನು ಬಾ ಅಂದ್ಲು.” ಶ್ಯಾಮ್ ಕೆಳಗೆ ಗೇಟಿನ ಕಡೆ ನೋಡಿದ. “ನಾನು ಹೋದೆ. ಗೇಟ್ ಮೇಲೆ ಗಾಡಿ ನಿಂತಿತ್ತು. ಅರ್ಧ ಗಂಟೆ ಈ ಕಡೆ ಕಾದೆ ಅತ್ತೆ. ದಾಟಿ ಹೋಗೋ ಹೊತ್ತಿಗೆ...”

“ಹೋಗೋ ಹೊತ್ತಿಗೆ?”

“ಅವಳನ್ನೇ ಕೇಳಿ. ನನ್ನ ಬಾಯಲ್ಲಿ ಹೇಳಿಸ್ಬೇಡಿ. ನಾಲ್ಕು ದಿನದಿಂದ ಅವಳೂ ನಂಗೆ ಪೂರ್ತಿ ಹೇಳಿಲ್ಲ.”

ಗುಡ್ಡದ ನೆರಳು ಆಗಲೇ ನದಿ ದಾಟಿತ್ತು. ರತ್ನಮ್ಮನ ಕೈಗಡಿಯಾರದಲ್ಲಿ ಐದಕ್ಕೆ ಹನ್ನೊಂದು ನಿಮಿಷ ಬಾಕಿ. ನಾಳೆ ಒಂಬತ್ತಕ್ಕೆ ನ್ಯಾಯಾಧೀಶರ ಮುಂದೆ ಹೋಗಬೇಕಾದ ಕಾಗದವನ್ನು ವಕೀಲರು ಇವತ್ತೇ ಕಳುಹಿಸಬೇಕು. ತಡವಾದರೆ ಶನಿವಾರ, ಭಾನುವಾರ, ಇನ್ನೂ ಎಷ್ಟು ದಿನವೋ ಆ ಹುಡುಗ ಒಳಗೇ ಇರಬೇಕು. ಒಂದು ಕಡೆ ಇನ್ನೊಬ್ಬಳ ಮಗ. ಇನ್ನೊಂದು ಕಡೆ ತನ್ನ ಮಗಳು.

ಫಹಾದ್‌ನದು ಸತ್ಯವೆಂದು ಆಕೆಗೆ ಗೊತ್ತಿತ್ತು. ಮಗಳದು ಏನೆಂದು ಗೊತ್ತಿರಲಿಲ್ಲ. ಗೊತ್ತಿಲ್ಲದ್ದಕ್ಕಾಗಿ ಗೊತ್ತಿರುವುದನ್ನು ಮುಚ್ಚಿಡುವುದು ಹೇಗೆ?

ಆಕೆ ಕೈಚೀಲ ತೆರೆದು ತಮ್ಮ ಫೋನು ತೆಗೆದರು. ಶ್ಯಾಮ್ ಒಂದು ಹೆಜ್ಜೆ ಮುಂದೆ ಬಂದ. ರತ್ನಮ್ಮ ತಲೆಯೆತ್ತಿ ನೋಡಿದರು, ಅಷ್ಟೆ. ಅವನು ಅಲ್ಲೇ ನಿಂತ.

ಎರಡನೆಯ ರಿಂಗಿಗೆ ವಕೀಲೆ ಎತ್ತಿಕೊಂಡರು. ಮಿಸ್ ಹಾಲೋವೇ ಎಂದರೆ ಮಾತಿನ ನಡುವೆ ಬಾಯಿ ಹಾಕದ ಹೆಂಗಸು. ರತ್ನಮ್ಮ ತಮ್ಮ ಹೆಸರು ಹೇಳಿ, ಅಡುಗೆಮನೆಯ ಗಡಿಯಾರ, ಅದರ ಊರು, ಕೂಡಿಸುವ ಲೆಕ್ಕ, ಭಾನುವಾರ ಬದಲಾದ ಗಂಟೆ, ಬದಲಾಗದ ನಮಾಜಿನ ಹೊತ್ತು, ಬೀಗ ಹಾಕಿದ ಅವರದೇ ಆಫೀಸಿನ ಮೆಟ್ಟಿಲು, ಎಲ್ಲವನ್ನೂ ಒಂದರ ಹಿಂದೆ ಒಂದರಂತೆ ಇಂಗ್ಲಿಷಿನಲ್ಲಿ ಹೇಳಿದರು. ಆ ಕಡೆ ಬರೆದುಕೊಳ್ಳುವ ಸದ್ದು ಕೇಳುತ್ತಿತ್ತು. ಫಹಾದ್ ಮನೆ ಸೇರಿದ್ದು ಮೂರು ನಲವತ್ತಕ್ಕೆ ಎಂದಾಗ ಆ ಸದ್ದು ನಿಂತಿತು.

ಇದು ಸಾಕು, ಈಗಲೇ ಅಖ್ತರ್ ಬೇಗಂ ಅವರಿಗೆ ಫೋನ್ ಮಾಡಿ ಹೇಳಿಕೆ ಬರೆಸಿಕೊಳ್ಳುತ್ತೇನೆ, ನಾಳೆ ಅವನು ಮನೆಗೆ ಬರುತ್ತಾನೆ ಎಂದರು ವಕೀಲೆ. ಆಮೇಲೆ ಒಂದು ಗಳಿಗೆ ಬಿಟ್ಟು, ಕಾಗದ ಮಗುಚಿ ನೋಡಿದವರಂತೆ ಕೇಳಿದರು: ಇದೇ ಗಡಿಯಾರದ ಮೇಲೆ ಇನ್ನೊಬ್ಬರ ಹೊತ್ತೂ ನಿಂತಿದೆಯಲ್ಲ, ನಿಮ್ಮ ಅಳಿಯನದು. ಮೂರು ಐವತ್ತೆರಡಕ್ಕೆ ಅವರು ಎಲ್ಲಿದ್ದರೆಂದು ಹೇಳಬಲ್ಲವರು ಯಾರಾದರೂ ಇದ್ದಾರೆಯೇ?

ಶ್ಯಾಮ್ ಕೈ ಮುಗಿದು ನಿಂತಿದ್ದ.

ರತ್ನಮ್ಮ ಬಾಯಿ ತೆರೆದರು. ಹಿಂದೆ ಜಾಲರಿ ಬಾಗಿಲು ಕಿರುಗುಟ್ಟಿತು. ಎಷ್ಟು ಹೊತ್ತಿನಿಂದ ಅದರ ಆಚೆ ನಿಂತಿದ್ದಳೋ, ಭಾವನಾ ಬರಿಗಾಲಿನಲ್ಲಿ ಜಗಲಿಗೆ ಬಂದಳು. ಅತ್ತು ಮುಗಿಸಿದ ಮುಖ. ಬಂದು ತಾಯಿಯ ಪಕ್ಕದ ಮೆಟ್ಟಿಲ ಮೇಲೆ ಕುಳಿತು, ಅಂಗೈ ಚಾಚಿದಳು.

“ಅಮ್ಮ, ಫೋನ್ ನಂಗೆ ಕೊಡು,” ಎಂದಳು. “ಬಿದ್ದ ಮೇಲೂ, ನಾಲ್ಕು ಗಂಟೆಗೂ ಡಾಕ್ಟರ್ ಅಂಕಲ್ ಬದುಕಿದ್ರು. ನಾನು ಪಕ್ಕದಲ್ಲೇ ಇದ್ದೆ.”